ಹಿಟ್ಟು ಹತ್ತಿದ ಗುಂಡಿ

ಮನುಷ್ಯನ ಬಾಳಿನ ಕೊನೆಯ ತೂಕವನ್ನು ಮಾಡುವವನು ಮೇಲಿರುವವನೊಬ್ಬನೇ ಎಂದು ತಿಳಿದವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡ ಒಂದು ಪ್ರಕರಣದಲ್ಲಿ ಮಾತ್ರ ಆ ತೂಕವನ್ನು ವಿಲಾಯತಿಯ ಸಂಘವೊಂದರ ಕಮಿಟಿ ಮಾಡಿತು. ತೀರ್ಪು ಮುಂಬಯಿಯವರೆಗೆ ಹಡಗಿನಲ್ಲಿ, ಹಾವೇರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಹಾನಗಲ್ಲಿಗೆ ಸರ್ವಿಸ್ ಮೋಟಾರಿನ ನೆತ್ತಿಯ ಮೇಲೆ ಕೋಳಿಬುಟ್ಟಿಗಳ ಜೊತೆಯಲ್ಲಿ ಬಂತು.

ಹೋದ ವಾರ ಹಿರೇಕೆರೂರಿನ ಕಚೇರಿಯಲ್ಲಿ ಕುಳಿತಿದ್ದೆ. ಹಾನಗಲ್ಲಿನ ಅಕ್ಕಿ ಗಿರಣಿಯ ಸಾವಕಾರರು ತಮ್ಮ ಯಾವುದೋ ಕೆಲಸಕ್ಕೆ ಬಂದವರು, ಕೆಲಸ ಮುಗಿದ ಮೇಲೆ, ಚಪ್ಪಲಿ ಮೆಟ್ಟುತ್ತ ಹೇಳಿದರು: “ಅಂದಂಗ, ತಾರ ಮಾಸ್ತರು ಹೋದ್ರು ನೋಡ್ರಿ.”

“ಯಾವಾಗ್ರಿ?”

“ಮೊನ್ನೆ. ಉಂಡು ಕೈ ತೊಳಕೊಂಡು ಕಟ್ಟಿ ಮ್ಯಾಲೆ ಕುಂತಿದ್ರಂತ. ಯಾರಿಗೂ ತ್ರಾಸ ಕೊಡಲಿಲ್ಲ ಪುಣ್ಯಾತ್ಮ. ನಮ್ಮ ಇಂಜಿನ್ನಿಗಷ್ಟ ಅವರ ತ್ರಾಸ ಇತ್ತು.”

ಇಂಜಿನ್ನಿನ ತ್ರಾಸದ ವಿಷಯಕ್ಕೆ ಬರುತ್ತೇನೆ. ಮೊದಲು ಹೆಸರಿನ ವಿಷಯ. ಮಾಸ್ತರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮನೆಯಾಕೆ ಬಾಳಿರುವವರೆಗೆ ಬಾಯಿಬಿಟ್ಟು ಹೇಳದ ಹೆಸರನ್ನು ಬಾಡಿಗೆಗೆ ಇದ್ದ ನಾನು ಅಚ್ಚಿಗೆ ಕೊಡುವುದು ಚೆನ್ನಾಗಿರುವುದಿಲ್ಲ. ಊರವರಿಗೆ ಅವರು ತಾರ ಮಾಸ್ತರು. ಹುಬ್ಬಳ್ಳಿಯ ಕಡೆ ತಾರು ಆಫೀಸಿನಲ್ಲಿ ಆಯುಷ್ಯವೆಲ್ಲ ಪರರ ಜನನ ಮರಣಗಳನ್ನು ಕಟಕಟ ಎಂದು ಕಳಿಸಿ, ಪೆನ್ಶನ್ ಆದ ಮೇಲೆ ಹಾನಗಲ್ಲಿಗೆ ಬಂದು ಹಿರಿಯರ ಮನೆಯಲ್ಲಿ ನೆಲೆಸಿದ್ದರು. ಮಕ್ಕಳಿರಲಿಲ್ಲ. ಮಾಮಲೇದಾರ ಕಚೇರಿಯ ಕಾರಕೂನನಾಗಿ ಆ ಊರಿಗೆ ಹೋದ ನನಗೆ ಪಡಸಾಲೆಯ ಪಕ್ಕದ ಕೋಣೆಯನ್ನು ಬಾಡಿಗೆಗೆ ಕೊಟ್ಟರು; ಊಟವೂ ಅಲ್ಲಿಯೇ. ಗಂಡ ಹೆಂಡತಿ ಇಬ್ಬರೂ ನನ್ನನ್ನು “ತಮ್ಮಾ” ಎನ್ನುತ್ತಿದ್ದರು; ನಾನು ಆಕೆಗೆ “ಅಕ್ಕಾರ” ಎನ್ನುತ್ತಿದ್ದೆ.

ಪೆನ್ಶನ್ ಪಡೆದವರು ಸಾಮಾನ್ಯವಾಗಿ ದೇವರ ಕಡೆಗೋ ಕೋರ್ಟಿನ ಕಡೆಗೋ ತಿರುಗುತ್ತಾರೆ. ಮಾಸ್ತರು ಆಕಾಶದ ಕಡೆಗೆ ತಿರುಗಿದರು. ಸರಕಾರದಿಂದ ಲೈಸೆನ್ಸ್ ಪಡೆದು, ಮನೆಯಲ್ಲೇ ಸ್ವಂತದ ಒಂದು ರೇಡಿಯೋ ಕೇಂದ್ರ ಕಟ್ಟಿದ್ದರು. ಮಾಳಿಗೆಯಿಂದ ಹಿತ್ತಲಿನ ಹುಣಸೆಮರಕ್ಕೆ ತಾಮ್ರದ ತಂತಿ. ಪಡಸಾಲೆಯಲ್ಲಿ ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಎರಡು ಪೆಟ್ಟಿಗೆ. ಮೇಜಿನ ಮೇಲೆ ತಾರು ಆಫೀಸಿನಲ್ಲಿರುವಂಥದೇ ಹಿತ್ತಾಳೆಯ ಗುಂಡಿ. ಆ ಗುಂಡಿಯನ್ನು ಒತ್ತಿ ಬಿಟ್ಟು, ಉದ್ದ ಗಿಡ್ಡ ಸಪ್ಪಳಗಳಲ್ಲಿ, ತಮ್ಮ ಹಾಗೆಯೇ ಮನೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡ ದೂರದ ಜನರೊಡನೆ ಮಾತಾಡುತ್ತಿದ್ದರು. ಊರಲ್ಲಿ ಕರೆಂಟು ಇರಲಿಲ್ಲ. ಬ್ಯಾಟರಿಗಳು ಚಕ್ಕಡಿಯಲ್ಲಿ ಅಕ್ಕಿ ಗಿರಣಿಗೆ ಹೋಗಿ ಇಂಜಿನ್ನಿನಿಂದ ಜೀವ ತುಂಬಿಸಿಕೊಂಡು ಬರುತ್ತಿದ್ದವು. “ಮಾಸ್ತರ, ನಮ್ಮ ಇಂಜಿನ್ನು ಭತ್ತ ಕುಟ್ಟಬೇಕೋ, ನಿಮ್ಮ ಲಂಡನ್ನಿಗೆ ಮೇವು ಹಾಕಬೇಕೋ?” ಎಂದು ಸಾವಕಾರರು ಕೇಳುತ್ತಿದ್ದರು, ಆದರೂ ತುಂಬಿಸಿ ಕಳಿಸುತ್ತಿದ್ದರು.

ಇಂಥವರಿಗಾಗಿ ವರ್ಷಕ್ಕೊಮ್ಮೆ, ಚಳಿ ಮುಗಿಯುವ ಹೊತ್ತಿಗೆ, ವಿಲಾಯತಿಯ ಸಂಘವೊಂದು ಪಂದ್ಯ ನಡೆಸುತ್ತಿತ್ತು. ಸಾಮ್ರಾಜ್ಯದ ಮೂಲೆಮೂಲೆಯವರು ಗೊತ್ತಾದ ಎರಡು ದಿನಗಳಲ್ಲಿ ಎಷ್ಟು ಜನರನ್ನು ಮುಟ್ಟುತ್ತಾರೆ ಎಂಬುದೇ ಪಂದ್ಯ. ಅದರ ಅಂಕ ಹಾಕುವ ನಿಯಮಗಳು ಅಚ್ಚಾದ ಎರಡು ಪುಟದಷ್ಟಿದ್ದವು. ಜಮಾಬಂದಿಯ ಕಲಮುಗಳನ್ನು ಅರಗಿಸಿಕೊಂಡಿದ್ದ ನಾನು ಅವನ್ನು ಮೂರು ಸಲ ಓದಿ, ಏನೂ ತಿಳಿಯದೆ, ಬಹಳ ಚೆನ್ನಾಗಿವೆ ಎಂದು ಮರಳಿ ಕೊಟ್ಟೆ.

“ಏನು ಮಾತಾಡ್ತಾರ್ರಿ ಅವರು?” ಎಂದು ಕೇಳಿದೆ.

“ಏನೂ ಇಲ್ಲ. ನಾ ಅವಗ ಒಂದು ಅಂಕಿ ಕೊಡ್ತೇನಿ, ಅಂವ ನನಗ ಒಂದು ಅಂಕಿ ಕೊಡ್ತಾನ. ಇಬ್ಬರೂ ಬರಕೊಳ್ಳೂದು. ಮುಗೀತು.”

“ಮತ್ತ ಮಳಿ, ಬೆಳಿ, ಮನ್ಯಾಗ ಎಲ್ಲಾರೂ ಆರಾಮ?”

“ಅದಕ್ಕ ಅಂಕ ಇಲ್ಲ,” ಎಂದರು ಮಾಸ್ತರು ಗಂಭೀರವಾಗಿ.

ಒಳಗಿನಿಂದ ಅಕ್ಕಾರ ದನಿ ಬಂತು: “ಏಳು ಸಮುದ್ರದ ಆಚಿ ಮನಷ್ಯಾನ್ನ ಕರದು, ಉಂಡ್ಯೋ ಇಲ್ಲೋ ಅಂತ ಕೇಳಬಾರದಂದ್ರ ಯಾಕ ಕರೀಬೇಕ್ರಿ?”

ಮಾಸ್ತರು ನಿಯಮಾವಳಿಯನ್ನು ಮತ್ತೊಮ್ಮೆ ತಿರುವಿಹಾಕಿದರು.

ನನಗೆ ಆ ಲೆಕ್ಕ ತಿಳಿದದ್ದು ದಸರೆಯ ದಿನ. ನಮ್ಮ ಕಡೆ ಅಂದು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವಷ್ಟೆ. ನಾವು ಕೊಡುವುದು, ಅವರು ಕೊಡುವುದು, ಬಂಗಾರದಂತೆ ಇರೋಣ ಎಂದು ಕಾಲಿಗೆ ಬೀಳುವವರು ಬೀಳುವುದು, ಅಪ್ಪಿಕೊಳ್ಳುವವರು ಅಪ್ಪಿಕೊಳ್ಳುವುದು. ಓಣಿ ಸುತ್ತಿ ಬಂದು ಕಟ್ಟೆಯ ಮೇಲೆ ಕುಳಿತಾಗ ಮಾಸ್ತರು ಕಿಸೆಯ ಎಲೆಗಳನ್ನು ತೊಡೆಯ ಮೇಲೆ ಸುರಿದುಕೊಂಡರು.

“ಇದ ನೋಡು ತಮ್ಮಾ ಪಂದ್ಯ. ಒಬ್ಬಗ ಬನ್ನಿ ಕೊಟ್ಟಿ, ಅಂವನೂ ಕೊಟ್ಟ. ಒಂದು ಅಂಕ. ಅವಗ ಸಂಜೀಕ ಮತ್ತ ಕೊಟ್ರ?”

“ಅಂಕ ಇಲ್ಲರಿ.”

“ಶಾಣ್ಯಾ. ನೀ ಕೊಟ್ಟಿ, ಅಂವ ತೊಗೊಳ್ಳಿಲ್ಲ?”

“ಇಲ್ಲರಿ.”

“ನೀ ಕೊಟ್ಟೇನಿ ಅಂತಿ, ಅಂವ ‘ಇಂವ ಬಂದ ಇಲ್ಲ’ ಅಂತಾನ?”

“ಆಗೂ ಇಲ್ಲರಿ.”

“ಎರಡೂ ಕಡೆ ಬರದಿದ್ರನ ಲೆಕ್ಕ. ಇದು ಮದಲನೇದು. ಈಗ ಗುಣಕ. ನೀ ಹಾನಗಲ್ಲಾಗ ನಲವತ್ತು ಮಂದಿಗೆ ಬನ್ನಿ ಕೊಟ್ಟಿ. ಊರು ಒಂದು. ನಲವತ್ತು ಒಂದಲೆ ನಲವತ್ತು. ನಾ ಇಲ್ಲೆ ಹತ್ತು ಕೊಟ್ಟೆ, ಶಿಗ್ಗಾಂವಕ್ಕ ಹೋಗಿ ಹತ್ತು, ಹಿರೇಕೆರೂರಾಗ ಹತ್ತು, ಸವಣೂರಾಗ ಹತ್ತು. ಮಂದಿ ಅಷ್ಟ. ಆದ್ರ ಊರು ನಾಕು. ನಲವತ್ತು ನಾಕಲೆ ನೂರಾ ಅರವತ್ತು. ಪಂದ್ಯದಾಗ ಊರಿನ ಜಾಗಾದಾಗ ದೇಶ, ಸೀಮಿ, ಅಷ್ಟ.”

ಇದು ಸರಕಾರದ ಪ್ರವಾಸ ಭತ್ಯೆಯ ತತ್ವವೆಂದು ನನಗೆ ಥಟ್ಟನೆ ಹೊಳೆಯಿತು. ಕೆಲಸ ಅಷ್ಟೇ, ಹೆಚ್ಚು ಊರು ತೋರಿಸಿದವನಿಗೆ ಹೆಚ್ಚು.

ಬಾಗಿಲಲ್ಲಿ ನಿಂತಿದ್ದ ಅಕ್ಕಾರ ತವರು ಸವಣೂರು. ಹಾನಗಲ್ಲು, ಶಿಗ್ಗಾಂವ, ಹಿರೇಕೆರೂರು ಇಂಗ್ರೇಜಿ ಸರಕಾರದವು. ಸವಣೂರು ನಡುವೆ ಒಂದು ಪುಟ್ಟ ಸಂಸ್ಥಾನ. “ಸವಣೂರಿಗೆ ಬ್ಯಾರೆ ದೇಶದ ಲೆಕ್ಕ ಹಿಡೀರಿ,” ಎಂದರು ಆಕೆ. “ನಾ ಪರದೇಶದಾಕಿ. ನಿಮ್ಮ ಮನಿಗೆ ಬಂದಾಗಿಂದ ಗುಣಕ ಹಚ್ಚಿಲ್ಲ ನೀವು.”

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಮಾಸ್ತರು ಎರಡು ದಿನ ಯೋಚನೆ ಮಾಡಿ, ಸವಣೂರು ಸಂಸ್ಥಾನವನ್ನು ಪಂದ್ಯದ ಮಟ್ಟಿಗೆ ಪ್ರತ್ಯೇಕ ಸೀಮೆಯೆಂದು ಗಣಿಸಬಹುದೇ ಎಂದು ವಿಲಾಯತಿಗೆ ಬರೆದು ಕೇಳಿದರು. ಕಮಿಟಿಯು ಬಹಳ ಸಭ್ಯ ಇಂಗ್ರೇಜಿಯಲ್ಲಿ ವಿಷಾದಿಸಿತು. “ನಿಮ್ಮೂರು ಲೆಕ್ಕಕ್ಕಿಲ್ಲಂತ ನೋಡು,” ಎಂದು ಮಾಸ್ತರು ಅದನ್ನು ಅಡುಗೆಮನೆಗೆ ಹೋಗಿ ಓದಿ ಹೇಳಿದ ದಿನ ನಮ್ಮಿಬ್ಬರಿಗೂ ಚಹಾ ಸಿಗಲಿಲ್ಲ. ನಾನು ನಿರಪರಾಧಿಯಾಗಿದ್ದೆ.

ಗಂಡ ಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳದ ಕಾಲ ಅದು. ಮಾಸ್ತರು ಆಕೆಯನ್ನು “ಕೇಳ್ತಿಯೇನ” ಎಂದೂ ಕರೆಯುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ತಾಟಿನ ಅಂಚಿಗೆ ಬೆರಳಿನಿಂದ ಕಟಕಟ ಬಡಿಯುತ್ತಿದ್ದರು. ಒಳಗಿನಿಂದ ರೊಟ್ಟಿ ಬರುತ್ತಿತ್ತು, ಇಲ್ಲವೆ ಒಲೆಯ ಹತ್ತಿರದಿಂದ ಸೌಟಿನ ಕಟಕಟ ಬಂದು ಮಾಸ್ತರು ಸುಮ್ಮನಾಗುತ್ತಿದ್ದರು. ತಾರು ಆಫೀಸಿನ ಕ್ವಾರ್ಟರ್ಸಿನಲ್ಲಿ ಹೊಸದಾಗಿ ಸಂಸಾರ ಹೂಡಿದಾಗ ಆಟಕ್ಕೆಂದು ಕಲಿಸಿದ್ದಂತೆ. ಆಕೆಗೆ ಇಂಗ್ರೇಜಿ ಬರುತ್ತಿರಲಿಲ್ಲ. ಕೆಲವು ಸಪ್ಪಳಗಳು ಬರುತ್ತಿದ್ದವು: ಅಂಕಿಗಳು, ಗಂಡನ ಕೇಂದ್ರದ ಗುರುತು, ಗಂಡನ ಹೆಸರು, ತನ್ನ ಹೆಸರು.

ಓಣಿಯ ಒಂದು ಮದುವೆಯಲ್ಲಿ ಹೆಂಗಸರು ಆಕೆಯನ್ನು ಹಿಡಿದು ನಿಲ್ಲಿಸಿ, ಗಂಡನ ಹೆಸರು ಹೇಳದೆ ಬಿಡುವುದಿಲ್ಲ ಎಂದರು. ಆಕೆ ಆರತಿಯ ತಾಟು ತೆಗೆದುಕೊಂಡು ಚಮಚೆಯಿಂದ ಬಡಿದು ಇಟ್ಟುಬಿಟ್ಟರು.

“ಇದೇನಬೇ? ಇದು ನಡಿಯೂದಿಲ್ಲ!”

“ಹೇಳೇನಲ್ಲ. ನಿಮಗ ತಿಳೀಲಿಲ್ಲಂದ್ರ ನಾ ಏನ ಮಾಡ್ಲಿ?”

ಪಂಚಾಯಿತಿ ಗಂಡಸರ ಪಂಕ್ತಿಯವರೆಗೆ ಬಂತು. ಹೋಳಿಗೆಯ ಮುಂದೆ ಕುಳಿತಿದ್ದ ಮಾಸ್ತರು ತೀರ್ಪು ಕೊಟ್ಟರು: “ಆಕಿ ಕಳಿಸ್ಯಾಳ, ನಾ ತೊಗೊಂಡೇನಿ. ಲೆಕ್ಕಕ್ಕ ಬಂತು.” ಹೇಳುವಾಗ ಅವರ ಕಿವಿ ಕೆಂಪಾಗಿದ್ದವು.

ಯುದ್ಧ ಶುರುವಾಗುವುದಕ್ಕೆ ಆರೇಳು ತಿಂಗಳು ಮೊದಲು ನಡೆದ ಪಂದ್ಯವೇ ಅವರ ಕೊನೆಯ ಪಂದ್ಯ. ಅದರ ಹಿಂದಿನ ವರ್ಷ ಹಿಂದೂಸ್ತಾನಕ್ಕೆ ಎರಡನೆಯವರಾಗಿ ಬಂದಿದ್ದರು. ಮೊದಲನೆಯವರು ಕಲಕತ್ತೆಯ ಒಬ್ಬ ಸಾಹೇಬರು. ಮೊದಲು ಬಂದವರಿಗೆ ಒಂದು ಪ್ರಶಸ್ತಿಪತ್ರ. ಅದನ್ನು ತೂಗುಹಾಕಲು ಮಾಸ್ತರು ಪಡಸಾಲೆಯ ಗೋಡೆಗೆ ಮೊಳೆಯನ್ನು ಆಗಲೇ ಹೊಡೆದಿದ್ದರು. ಮೊಳೆಗೆ ಸದ್ಯಕ್ಕೆ ನನ್ನ ಕೊಡೆ ತೂಗುತ್ತಿತ್ತು.

ಆ ವರ್ಷ ಎರಡು ಸಂಗತಿ ಬದಲಾಗಿದ್ದವು. ಮಾಸ್ತರ ಬಲಗೈ ನಡುಗತೊಡಗಿತ್ತು. ತಾರಿನ ಕೆಲಸ ಮಾಡಿದವರಿಗೆ ಬರುವ ಬೇನೆಯಂತೆ. “ಮೇಜು ಅಳಗಾಡ್ತೈತಿ,” ಎನ್ನುತ್ತಿದ್ದರು ಅವರು. ಮೇಜಿನ ಕಾಲಿಗೆ ಚಕ್ಕೆ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಅಕ್ಕಾರಿಗೆ ಕಾಲು ಬಾವು, ನಾಲ್ಕು ಹೆಜ್ಜೆಗೆ ಏದುಸಿರು. ಹೃದಯ ಸೋತಿದೆ, ಒಲೆಯ ಮುಂದೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. “ಒಲಿ ಮುಂದ ಕುಂದರಬಾರದಂತ. ಮತ್ತ ಒಲಿ ಯಾರ ಮುಂದ ಕುಂದರಬೇಕಂತ?” ಎಂದು ಆಕೆ ಒಲೆಯ ಮುಂದೆಯೇ ಕೂತು ಕೇಳುತ್ತಿದ್ದರು.

ಪಂದ್ಯದ ಎರಡನೆಯ ದಿನ, ಮಧ್ಯಾಹ್ನ ಇಳಿಯುವ ಹೊತ್ತು. ಬಂದವರನ್ನು ಕಟ್ಟೆಯಲ್ಲೇ ತಡೆದು ಮರಳಿಸುವುದು ನನ್ನ ಕೆಲಸ. ಈ ಪಂದ್ಯದಲ್ಲಿ ಕೊಡುವ ಅಂಕಿ ಒಂದರಿಂದ ಏರುತ್ತ ಹೋಗುತ್ತದೆ; ಆದ್ದರಿಂದ ಕಲಕತ್ತೆಯ ಸಾಹೇಬ ಇನ್ನೊಬ್ಬರಿಗೆ ಕೊಡುವ ಅಂಕಿಯನ್ನು ಕದ್ದು ಕೇಳಿದರೆ ಆತ ಎಷ್ಟು ಮನೆಗೆ ಬನ್ನಿ ಕೊಟ್ಟಿದ್ದಾನೆಂದು ಗೊತ್ತಾಗುತ್ತದೆ. ಮಾಸ್ತರು ಕೇಳಿ, ಲೆಕ್ಕ ಹಾಕಿ, ಹೊರಗೆ ಬಂದು ಹೇಳಿದರು: “ಸರಿಸಮ ಅದೇವಿ. ಇನ್ನೊಂದು ಹೊಸಾ ಸೀಮಿ ಸಿಕ್ರ ಮೊಳಿಯಿಂದ ನಿನ್ನ ಕೊಡಿ ತಗೀಬೇಕಾಗ್ತೈತಿ.”

ಒಳಗೆ ಹೋಗಿ ಕೇಳುವ ಸಾಧನವನ್ನು ಕಿವಿಗೆ ಹಚ್ಚಿಕೊಂಡರೆ, ಫಿಜಿ ದ್ವೀಪ. ಬಹಳ ಸಣ್ಣ ದನಿ. ಆ ವರ್ಷ ಅಲ್ಲಿಯವರೆಗೆ ಅವರಿಗೆ ಸಿಗದ ಸೀಮೆ. ಮಾಸ್ತರು ಗುಂಡಿ ಒತ್ತಿದರು. ಕೈ ನಡುಗಿತು. ಒಂದಿದ್ದ ಸಪ್ಪಳ ಮೂರಾಯಿತು. ಫಿಜಿಯವನು, “ಯಾರು?” ಎಂದು ಕೇಳಿದ. ಮತ್ತೆ ಒತ್ತಿದರು, ಅವನು ಮತ್ತೆ ಕೇಳಿದ. ಮೂರನೆಯ ಸಲ ಕೈ ಗುಂಡಿಯ ಮೇಲೆ ನಿಲ್ಲಲೇ ಇಲ್ಲ. ಆ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಕುಳಿತ ಮಾಸ್ತರ ಮುಖ ನೋಡಿ ನಾನು ಬಾಗಿಲಿನಿಂದ ಆಚೆ ತಿರುಗಿ ನಿಂತೆ.

ಅಕ್ಕಾರು ಗೋಡೆ ಹಿಡಿದುಕೊಂಡು ಬಂದರು. ಕೈಯೆಲ್ಲ ಜೋಳದ ಹಿಟ್ಟು. “ಸರೀರಿ ಅತ್ಲಾಗ,” ಎಂದು ಗಂಡನನ್ನು ಸರಿಸಿ, ನಿಂತುಕೊಂಡೇ ಗುಂಡಿ ಒತ್ತಿದರು. ನಿಧಾನ, ಆದರೆ ರೊಟ್ಟಿ ಬಡಿದ ಹಾಗೆ ಒಂದೊಂದೂ ಬೇರೆಬೇರೆ. ಕೇಂದ್ರದ ಗುರುತು ಕೊಟ್ಟರು. ಮಾಸ್ತರು ತೋರಿಸಿದ ಅಂಕಿಯನ್ನು ಕೊಟ್ಟರು. ಫಿಜಿಯವನ ಅಂಕಿಯನ್ನು ಮಾಸ್ತರು ಎಡಗೈಯಿಂದ ಬರೆದುಕೊಂಡರು. ಅಲ್ಲಿಗೆ ಕೈ ತೆಗೆಯಬೇಕಾಗಿತ್ತು. ಆಕೆ ತೆಗೆಯಲಿಲ್ಲ, ಇನ್ನಷ್ಟು ಒತ್ತಿದರು.

“ಏ, ಏನ ಕಳಸಾಕತ್ತಿ?”

“ನನ್ನ ಹೆಸರು. ಬನ್ನಿ ಕೊಟ್ಟು, ಯಾರು ಕೊಟ್ರಂತ ಹೇಳದ ಓಡಿ ಹೋಗ್ತಾರೇನ್ರಿ?”

ಆಚೆಯಿಂದ ಏನೋ ಬಂತು. ಮಾಸ್ತರು ಕೇಳಿ, ಹೆಂಡತಿಯ ಕಡೆ ತಿರುಗಿದರು. “ಮುಟ್ಟಿತಂತ,” ಎಂದರು. “ನಿನ್ನ ಹೆಸರು ತಿರಿಗಿ ಕಳಸ್ಯಾನ. ಬರಕೊಂಡಾನ.”

ಅಕ್ಕಾರು ಅಲ್ಲೇ ನೆಲದ ಮೇಲೆ ಕುಳಿತು ಸುಧಾರಿಸಿಕೊಂಡು ಕೇಳಿದರು: “ನಂದೂ ಲೆಕ್ಕಕ್ಕ ಬರ್ತೈತ್ಯೇನ್ರಿ?”

“ಬರ್ತೈತಿ.”

ಬರುತ್ತಿರಲಿಲ್ಲ. ಅದು ಒಬ್ಬರೇ ನಡೆಸುವ ಕೇಂದ್ರಗಳ ಪಂದ್ಯ. ಮೊದಲಿನಿಂದ ಕೊನೆಯವರೆಗೆ ಲೈಸೆನ್ಸಿನವನೇ ಗುಂಡಿ ಒತ್ತಬೇಕು. ಎರಡನೆಯ ಕೈ ತಾಗಿದರೆ ಎಲ್ಲ ಅಂಕವೂ ಹೋದಂತೆ. ಲೆಕ್ಕದ ಪಟ್ಟಿಯ ಕೆಳಗೆ, ನಿಯಮ ಪಾಲಿಸಿದ್ದೇನೆ ಎಂದು ಸಹಿ ಮಾಡಬೇಕು. ಇಂಥ ಸಹಿಗಳ ವಿಷಯದಲ್ಲಿ ನನಗೆ ಕಚೇರಿಯ ಅನುಭವವಿತ್ತು.

“ಗಂಡ ಹೆಂಡತಿ ಅಂದ್ರ ಒಂದ ಜೀವ ಅಂತ ಶಾಸ್ತ್ರ ಹೇಳ್ತೈತ್ರಿ. ಕಣ್ಣು ಮುಚ್ಚಿ ಸಹಿ ಮಾಡ್ರಿ,” ಎಂದೆ.

“ನಾವು ಅರ್ಧನಾರೀಶ್ವರ ಅದೇವಿ ಅಂತ ಕಮಿಟಿಗೆ ಬರೀಲೇನು?”

“ಹಂಗಾರ ಫಿಜಿ ಒಂದು ಬಿಡ್ರಿ. ಎರಡನೇದವರಂತೂ ಆಗ್ತೀರಿ.”

“ಬಿಟ್ರ ಅಂವ ಸುಳ್ಳಾಗ್ತಾನ. ಅಂವ ಬರಕೊಂಡಾನ, ನಾ ಬರದಿಲ್ಲಂದ್ರ ಅವಂದೂ ಹೋತು. ಮತ್ತ…” ಅಡುಗೆಮನೆಯ ಕಡೆ ನೋಡಿದರು. “ಆಕಿ ಕೊಟ್ಟಾಳ. ಅಂವ ತೊಗೊಂಡಾನ. ನಡುವ ನಾ ಯಾರು ಅಳಸಾಂವ?”

ಪಟ್ಟಿಯನ್ನು ಶುದ್ಧವಾಗಿ ನಕಲು ಮಾಡುತ್ತಿದ್ದವನು ನಾನು. ಅವರ ಕೈ ಹಾಗಿತ್ತಲ್ಲ. ಫಿಜಿಯ ಸಾಲಿಗೆ ಬಂದಾಗ, ನಡೆಸಿದವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದೆ. ಅವರು ಹೇಳಲಾರರಷ್ಟೆ. ನನ್ನ ಕೈಯಿಂದ ಲೇಖನಿ ತೆಗೆದುಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು, ಇಂಗ್ರೇಜಿಯಲ್ಲಿ ಬರೆದರು: ನೀಲವ್ವ. ಅಷ್ಟು ವರ್ಷ ಆ ಕೈಯ ಅನ್ನ ಉಂಡ ನನಗೆ ಆಕೆಯ ಹೆಸರು ಅಂದು ಗೊತ್ತಾಯಿತು.

ಅಂಚೆಯ ಮೋಟಾರು ಬಂದ ಸಪ್ಪಳವಾದಾಗಲೆಲ್ಲ ಅಕ್ಕಾರು ಕೇಳುತ್ತಿದ್ದರು: “ಬಂತೇನ್ರಿ ಲೆಕ್ಕ?” “ಹಡಗದಾಗ ಐತಿ,” ಎನ್ನುತ್ತಿದ್ದರು ಮಾಸ್ತರು. ಮುಂಗಾರು ಹಿಡಿಯುವ ಹೊತ್ತಿಗೆ ಆಕೆ ಮಂಚ ಹಿಡಿದರು. ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ಮಂಚದ ಕಾಲಿಗೆ ಬೆರಳಿನಿಂದ ಬಡಿಯುತ್ತಿದ್ದರು. ಮಾಸ್ತರು ನೆಲದ ಮೇಲೆ ಕುಳಿತು ಅದೇ ಕಾಲಿಗೆ ಮರಳಿ ಬಡಿಯುತ್ತಿದ್ದರು. ಗೋಡೆಯ ಈಚೆಗಿದ್ದ ನನಗೆ ಎಲ್ಲವೂ ಕೇಳುತ್ತಿತ್ತು, ಒಂದೂ ತಿಳಿಯುತ್ತಿರಲಿಲ್ಲ. ಆ ವಿದ್ಯೆ ಕಲಿಯೆಂದು ಮಾಸ್ತರು ಎಷ್ಟೋ ಸಲ ಹೇಳಿದ್ದರು. ಕಲಿಯದೆ ಇದ್ದದ್ದು ಒಳ್ಳೆಯದಾಯಿತು. ನಡುನಡುವೆ ಬಾಯಿಂದ ಬಂದ ಮಾತೊಂದು ಮಾತ್ರ ತಿಳಿಯುತ್ತಿತ್ತು: “ನಿಮ್ಮ ಕೈ ತಿಳೀವಲ್ದು. ಮತ್ತೊಮ್ಮೆ ಹೊಡೀರಿ.”

ಮಾಸ್ತರು ಮತ್ತೊಮ್ಮೆ ಹೊಡೆಯುತ್ತಿದ್ದರು.

ಶ್ರಾವಣದಲ್ಲಿ ಆಕೆ ಹೋದರು. ಮಣ್ಣಿಗೆ ಸವಣೂರಿನಿಂದ ಅಣ್ಣತಮ್ಮಂದಿರು ಬಂದಿದ್ದರು. ಅವರ ಕಡೆ ತೋರಿಸಿ ಮಾಸ್ತರು ನನಗೆ, “ಪರದೇಶದವರು. ಮದಲ ಅವರಿಗೆ ನೀರು ಕೊಡು,” ಎಂದರು. ನಗಬೇಕೋ ಏನು ಮಾಡಬೇಕೋ ತಿಳಿಯದೆ ನಾನು ನೀರು ತರಲು ಹೋಗಿ, ಬಾವಿಯ ಹತ್ತಿರವೇ ಬಹಳ ಹೊತ್ತು ನಿಂತೆ.

ತಿಂಗಳು ಕಳೆಯುವುದರೊಳಗೆ ಯುದ್ಧ ಶುರುವಾಯಿತು. ಮನೆಯಲ್ಲಿ ರೇಡಿಯೋ ಕೇಂದ್ರ ಇಟ್ಟವರೆಲ್ಲ ಯಂತ್ರಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ಹುಕುಂ ಬಂತು. ಪೊಲೀಸ್ ಫೌಜದಾರರು ಚಕ್ಕಡಿ ತಂದು, ಪಂಚನಾಮೆ ಬರೆಯಲು ನನ್ನನ್ನೇ ಕೂರಿಸಿದರು. ಪೆಟ್ಟಿಗೆ ಎರಡು. ತಂತಿ ಒಂದು ಸುತ್ತು. ಹಿತ್ತಾಳೆಯ ಗುಂಡಿ ಒಂದು.

“ಇದಕ್ಕೇನ ಹತ್ತೈತ್ರಿ, ಬೆಳ್ಳಗ?” ಎಂದರು ಫೌಜದಾರರು, ಉಗುರಿನಿಂದ ಕೆರೆಯಲು ಹೋಗಿ.

“ಹಿಟ್ಟು,” ಎಂದರು ಮಾಸ್ತರು. “ಇರಲಿ ಬಿಡ್ರಿ. ಇದ್ದಂಗ ಒಯ್ಯಿರಿ.”

ಫೌಜದಾರರು ಒಳ್ಳೆಯ ಮನುಷ್ಯ. ಬೆರಳು ಹಿಂದೆ ತೆಗೆದುಕೊಂಡರು. ಸರಕಾರಿ ಕಾಗದದಲ್ಲಿ ಸುಳ್ಳಿಗೆ ಬೇಕಾದಷ್ಟು ಜಾಗವಿದೆ, ಹಿಟ್ಟಿಗೆ ಇಲ್ಲ. ಆದರೂ ನಾನು ಬರೆದೆ: ಗುಂಡಿ ಒಂದು, ಹಿಟ್ಟು ಹತ್ತಿದ್ದು. ಪಂಚರು ಸಹಿ ಹಾಕಿದರು.

ಯುದ್ಧ ಮುಗಿದ ಮೇಲೆ ಯಂತ್ರಗಳನ್ನು ಮರಳಿ ಕೇಳಬಹುದಾಗಿತ್ತು. ಆಗ ನನಗೆ ಹಿರೇಕೆರೂರಿಗೆ ವರ್ಗವಾಗಿತ್ತು; ಅರ್ಜಿ ನಾನೇ ಬರೆದುಕೊಡುತ್ತೇನೆಂದು ಹಾನಗಲ್ಲಿಗೆ ಹೋದೆ. ಮಾಸ್ತರು ಬೇಡವೆಂದರು. “ಅಂಕ ಎಲ್ಲಾ ಇದ್ದಲ್ಲೆ ಅದಾವ ತಮ್ಮಾ. ಗುಣಕ ಹೋಗೈತಿ.” ಒಟ್ಟಿಗೆ ಊಟಕ್ಕೆ ಕುಳಿತೆವು. ಅಡುಗೆಯವನು ಅನ್ನ ಬಡಿಸಿ ಆಚೆ ಹೋಗಿದ್ದ. ಮಾಸ್ತರ ನಡುಗುವ ಬೆರಳು ತಾಟಿನ ಅಂಚಿಗೆ ತಾಗಿ ಕಟಕಟ ಎನ್ನುತ್ತಿತ್ತು. ನಾನು ಅಡುಗೆಯವನನ್ನು ಕರೆಯಲೆಂದು ಎದ್ದೆ. “ಕುಂದರು,” ಎಂದರು. “ಅದರಾಗ ಅಕ್ಷರ ಇಲ್ಲ.”

ಕಮಿಟಿಯ ತೀರ್ಪು ಬಂದದ್ದು ಇದಕ್ಕೆ ಬಹಳ ಹಿಂದೆ, ಯಂತ್ರಗಳನ್ನು ಒಯ್ದ ವರ್ಷದ ದಸರೆಯ ದಿನವೇ. ಸಾವಾದ ಮನೆಯೆಂದು ಆ ವರ್ಷ ಅಲ್ಲಿಗೆ ಯಾರೂ ಬನ್ನಿ ತಂದಿರಲಿಲ್ಲ. ಓಣಿಯೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿತ್ತು. ಮಾಸ್ತರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ನಾನು ಸಂಘದ ಪತ್ರಿಕೆಯ ಲಕೋಟೆ ಒಡೆದು, ಫಲಿತಾಂಶದ ಪುಟ ತೆಗೆದು, ಹಿಂದೂಸ್ತಾನದ ಸಾಲುಗಳಲ್ಲಿ ಬೆರಳಾಡಿಸಿ, ಅವರ ಕೇಂದ್ರದ ಗುರುತನ್ನು ಕಂಡೆ. ಅದರ ಮುಂದೆ ಸಣ್ಣಕ್ಷರದಲ್ಲಿ, ಲೆಕ್ಕದಿಂದ ತೆಗೆದ ಕಾರಣ ಅಚ್ಚಾಗಿತ್ತು. ಓದಿ, ಕನ್ನಡದಲ್ಲಿ ಹೇಳಿದೆ: “ಇಬ್ಬರು ನಡೆಸಿದ ಕೇಂದ್ರ.”

“ಮತ್ತೊಮ್ಮೆ ಓದು.”

ಮತ್ತೊಮ್ಮೆ ಓದಿದೆ.

“ಇಬ್ಬರು ಅಂತ ಅಚ್ಚ ಹಾಕ್ಯಾರ?”

“ಹಾಕ್ಯಾರ್ರಿ.”

“ಹೆಸರು?”

“ಹೆಸರಿಲ್ಲರಿ.”

ಅವರು ಪತ್ರಿಕೆಯನ್ನು ತೆಗೆದುಕೊಂಡು ಒಳಗೆ ಹೋದರು. ಗೋಡೆಯ ಆಚೆ ಮಂಚದ ಕಾಲಿಗೆ ಬೆರಳು ಬಡಿಯುವುದು ಕೇಳಿಸಿತು. ಆಮೇಲೆ ಮತ್ತೊಮ್ಮೆ ಬಡಿದರು.

ಆ ವರ್ಷದ ಪ್ರಶಸ್ತಿಪತ್ರ ಕಲಕತ್ತೆಯ ಸಾಹೇಬರಿಗೆ ಹೋಯಿತು. ಹಾನಗಲ್ಲಿನ ಕೇಂದ್ರಕ್ಕೆ ಬಂದ ಅಂಕ ಸೊನ್ನೆ.